ಹೆಸರು ಬದಲಿಸಲಾಗಿದೆ

“ಕಲ್ಲು ಒಡೆಯುವವರ ಹುಡುಗಿ ಡಿಗ್ರಿ ಮಾಡುದುಂಟಾ? ಪೇಪರಿಗೆ ಬರೆಯುದುಂಟಾ? ಆಗುವ ಮಾತು ಹೇಳು ಮಾರಾಯ!” ಎಂದು ಅಪ್ಪನ ಮುಂದೆ ನಕ್ಕವರು ಕಾರ್ಕಳದ ಕಲ್ಲುಕೋರೆಯ ಮೇಸ್ತ್ರಿ ಶೀನಣ್ಣ. ನಾನು ಡಿಗ್ರಿ ಮಾಡಿದೆ. ಪೇಪರಿಗೂ ಬರೆದೆ. ಬರೆದದ್ದಕ್ಕೆ ಪ್ರಶಸ್ತಿಯೂ ಬಂತು. ಆದರೆ ಆ ಬರಹದಲ್ಲಿ ನನ್ನ ಸ್ವಂತ ತಂಗಿಯನ್ನು ಯಾರೋ ಗುರುತಿಲ್ಲದ ಹುಡುಗಿಯನ್ನಾಗಿ ಮಾಡಿದ್ದೇನೆ — ಇದನ್ನು ಕಳೆದ ಭಾನುವಾರದವರೆಗೆ ಯಾರಿಗೂ ಹೇಳಿರಲಿಲ್ಲ.

ನಾವು ಬಾಗಲಕೋಟೆ ಕಡೆಯವರು. ನಾನೂ ತಂಗಿ ರೇಣುಕಾಳೂ ಚಿಕ್ಕವರಿದ್ದಾಗ ಅಪ್ಪ, ಅವ್ವ ಕೋರೆಯ ಕೆಲಸಕ್ಕೆ ಕಾರ್ಕಳಕ್ಕೆ ಬಂದರು. ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪನ ಕಾಲಿನ ಮೇಲೆ ಕಲ್ಲು ಉರುಳಿತು. ಇನ್ನು ನಮ್ಮಿಬ್ಬರಲ್ಲಿ ಒಬ್ಬಳು ಅವ್ವನ ಜೊತೆ ಜಲ್ಲಿ ಒಡೆಯಲು ಕೂರಲೇಬೇಕು. ಅವ್ವ ಯಾರ ಹೆಸರನ್ನೂ ಎತ್ತಲಿಲ್ಲ, ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ರೇಣುಕಾ ನಗುತ್ತಲೇ ಹೇಳಿದಳು, “ನೀನು ಓದು ಅಕ್ಕಾ. ನಂಗೆ ಆ ಲೆಕ್ಕ ತಲೆಗೆ ಹೋಗುದೇ ಇಲ್ಲ ಮಾರಾಯ್ತಿ.” ಅದು ಸುಳ್ಳೆಂದು ನನಗೆ ಗೊತ್ತಿತ್ತು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಗೊತ್ತಿದ್ದೂ ನಾನು ಬೇಡ ಎನ್ನಲಿಲ್ಲ.

ಡಿಗ್ರಿ ಮುಗಿಸಿ ಉಡುಪಿಯ ಒಂದು ಸಣ್ಣ ಪತ್ರಿಕೆ ಸೇರಿದೆ. ಹತ್ತಿರದ ಕಾಪುವಿನಲ್ಲಿ ರೂಮು ಹಿಡಿದೆ. ಯಾರಾದರೂ ಊರು ಕೇಳಿದರೆ “ಕಾಪು” ಎನ್ನುತ್ತಿದ್ದೆ. ‘ಐತಿ’ ಬಿಟ್ಟು ‘ಉಂಟು’ ಕಲಿತಿದ್ದೆ. “ಬಸ್ಸಲ್ಲಿ ಈ ಘಟ್ಟದವರ ಗಲಾಟೆ ಎಂತದು ಮಾರಾಯ್ರೆ!” ಎಂದು ಆಫೀಸಿನಲ್ಲಿ ಯಾರಾದರೂ ನಕ್ಕರೆ, ಘಟ್ಟದ ಮೇಲಿನಿಂದಲೇ ಬಂದ ನಾನೂ ಜೊತೆಗೆ ನಗುತ್ತಿದ್ದೆ.

ಒಮ್ಮೆ ಸಂಪಾದಕರು ಕೋರೆಯ ಮಕ್ಕಳ ಬಗ್ಗೆ ಬರೆಯಲು ಹೇಳಿದರು. ನಾನು ಯಾವ ಕೋರೆಗೂ ಹೋಗಲಿಲ್ಲ. ಕೂತಲ್ಲೇ ರೇಣುಕಾಳನ್ನು ಬರೆದೆ — ಅವಳ ಸೀಳಿದ ಉಗುರು, ಕಣ್ಣಿಗೆ ಸಿಡಿಯುವ ಚೂರು, ಅವಳು ಈಗಲೂ ಬಾಯಿಪಾಠ ಹೇಳುವ ಮಗ್ಗಿ. ಹೆಸರು ಮಂಜುಳಾ ಎಂದು ಹಾಕಿ, ಪಕ್ಕದಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದು ಸೇರಿಸಿದೆ. ಬರಹದಲ್ಲಿ ಬರುವವರ ಮಾನ ಕಾಪಾಡಲು ನಮ್ಮ ವೃತ್ತಿಯಲ್ಲಿ ಇರುವ ಕ್ರಮ ಅದು. ನಾನು ಅದರಿಂದ ಕಾಪಾಡಿಕೊಂಡದ್ದು ನನ್ನ ಮಾನವನ್ನು.

“ಅವಳು ಶಾಲೆ ಬಿಟ್ಟದ್ದು ಯಾಕೆ? ಕಾರಣ ಬೇಕಲ್ಲ?” ಎಂದರು ಸಂಪಾದಕರು. ಪೆನ್ನು ಹಿಡಿದುಕೊಂಡೇ ಎದ್ದೆ, ಕೂತೆ, ನೀರು ಕುಡಿದೆ. ಕೊನೆಗೆ ಬರೆದೆ: ‘ಹೆತ್ತವರಿಗೆ ಓದಿನ ಬೆಲೆ ಗೊತ್ತಿಲ್ಲ.’

ಅಭಿವೃದ್ಧಿಶೀಲ ದೇಶಗಳ ಸಾಮಾಜಿಕ ಸಮಸ್ಯೆಗಳನ್ನು ಬರೆಯುವ ಪತ್ರಕರ್ತರಿಗೆಂದು ಹೊರದೇಶದ ಸಂಸ್ಥೆಯೊಂದು ಕೊಡುವ ಪ್ರಶಸ್ತಿಗೆ ಆ ಬರಹ ಆಯ್ಕೆಯಾಯಿತು. ಮಣಿಪಾಲದ ಹಾಲ್ ಒಂದರಲ್ಲಿ ಸಮಾರಂಭ. ಅದಕ್ಕೂ ಮೊದಲು ಸಂಘಟಕರು ಫೋನು ಮಾಡಿ, “ಆ ಹುಡುಗಿಯನ್ನೂ ಕರ್ಕೊಂಡು ಬನ್ನಿ ಮೇಡಂ. ಮತ್ತೆ ಶಾಲೆಗೆ ಸೇರಿಸುವ ವ್ಯವಸ್ಥೆ ಮಾಡುವ” ಎಂದರು.

ಮತ್ತೆ ಶಾಲೆ! ಅವಳು ವೇದಿಕೆ ಹತ್ತಿದರೆ ಎಲ್ಲರೆದುರು ಅಕ್ಕಾ ಎನ್ನುತ್ತಾಳೆ...

“ಅವರು ಊರು ಬಿಟ್ಟು ಹೋದರು ಸರ್. ಎಲ್ಲಿಗೆ ಅಂತ ಗೊತ್ತಿಲ್ಲ” ಎಂದೆ.

ಯಾರೂ ಮರುಪ್ರಶ್ನೆ ಕೇಳಲಿಲ್ಲ. ಕೂಲಿಗೆ ಬಂದವರು ಎದ್ದು ಹೋಗುವುದು ಇಲ್ಲಿ ಎಲ್ಲರಿಗೂ ನಂಬಲು ಸುಲಭ, ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವೇದಿಕೆಯಲ್ಲಿ ನನಗೆ ಶಾಲು ಹೊದಿಸುವಾಗ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಆಚೆ, ರೇಣುಕಾ ಜಲ್ಲಿ ರಾಶಿಯ ಮೇಲೆ ಕೂತಿದ್ದಳು.

ಆಮೇಲೆ ಎಷ್ಟೋ ಮಳೆಗಾಲ ಕಳೆಯಿತು. ಶಾಲೆ ಸೇರುವ ವಯಸ್ಸು ಅವಳನ್ನು ದಾಟಿ ಹೋಯಿತು. ಪ್ರಮಾಣಪತ್ರ ನನ್ನ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಅಡಿಯಲ್ಲಿತ್ತು. ಒಮ್ಮೆ ತೆಗೆಯುವುದು, ಮತ್ತೆ ಇಡುವುದು — ನನಗೆ ಅದೇ ಆಯಿತು.

ಕಳೆದ ಭಾನುವಾರ ಅದನ್ನು ಹಿಡಿದು ಹೊರಟೆ. ಉಡುಪಿಯಲ್ಲಿ ಕಾರ್ಕಳದ ಬಸ್ಸು ಬಂತು, ಬಿಟ್ಟೆ. ಮುಂದಿನದನ್ನೂ ಬಿಟ್ಟೆ. ಆಮೇಲೆ, ಇನ್ನು ನಿಂತರೆ ಕಾಪುವಿಗೇ ತಿರುಗುತ್ತೇನೆ ಅನ್ನಿಸಿ, ಹೊರಟ ಬಸ್ಸಿಗೆ ಓಡಿ ಹತ್ತಿದೆ.

ರೇಣುಕಾ ಸೆರಗಿಗೆ ಕೈ ಒರೆಸಿಕೊಂಡು ಪ್ರಮಾಣಪತ್ರ ತೆಗೆದುಕೊಂಡಳು. “ಎಂತ ಅಕ್ಕಾ ಇದು? ಇಂಗ್ಲಿಷಿನಲ್ಲುಂಟು.”

“ಪ್ರಶಸ್ತಿ. ನಿನ್ನ ಬಗ್ಗೆ ಬರೆದದ್ದಕ್ಕೆ ಬಂದದ್ದು. ನಾನು ಮುಚ್ಚಿಟ್ಟಿದ್ದೆ.”

ಅದರ ಹಿಂದೆ ಅಂಟಿಸಿದ್ದ ಪತ್ರಿಕೆಯ ತುಂಡನ್ನು ಅವಳು ಬೆರಳಿಟ್ಟು ನಿಧಾನಕ್ಕೆ ಓದಿದಳು. ಒಳಗಿನಿಂದ ಅವ್ವ, “ಏನ್ ಬರದಾರಬೇ ಅದರಾಗ?” ಎಂದು ಕೂಗಿದಳು. ರೇಣುಕಾ ಕೊನೆಯ ಸಾಲಿನವರೆಗೆ ಹೋಗಿ, ತಿರುಗಿ ಮೊದಲಿನಿಂದ ಹುಡುಕುವವಳಂತೆ ಕಣ್ಣಾಡಿಸಿ, ನನ್ನ ಮುಖ ನೋಡಿದಳು.

“ಎಲ್ಲ ಸರಿ ಬರೆದಿದ್ದಿ. ಉಗುರು ಸಹ ಉಂಟು” ಎಂದಳು. “ಆದರೆ... ಈ ಹುಡುಗಿಗೆ ಅಕ್ಕ ಇಲ್ವಾ?”