ಲಾಲ್ ಅಹ್ಮದನ ರಿಪೋರ್ಟ್

ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜ್‌ನಲ್ಲಿ ಲಾಲ್ ಅಹ್ಮದ್ ಮೂವತ್ತೊಂದು ವರ್ಷ ತೊಗರಿ ಕಡಿದ. ಅದೇ ಅವನ ಉದ್ಯೋಗ. ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಹಿಡಿ ಕಾಳು ತೆಗೆಯುವುದು, ಒಂದನ್ನು ಹಲ್ಲಿಗೆ ಕೊಡುವುದು. ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ಹಸಿ. ತಂದವನ ಮುಖಕ್ಕೆ ಮುಖ ಕೊಟ್ಟೇ ಹೇಳುತ್ತಿದ್ದ: "ಹಸಿ ಅದ ರೀ. ಎಂಟು ದಿನಕ್ಕ ಬೂಷ್ಟು ಹಿಡೀತದ." ಬೈದರೂ ಮಾತು ತಿರುಗಿಸುತ್ತಿರಲಿಲ್ಲ. ಚೀಲ ಚುಚ್ಚಿದವನು ಒಡೆಯನಿಗೆ ಏನೂ ಹೇಳದೆ ಎದ್ದು ಹೋಗುವುದು ಗಂಜ್‌ನಲ್ಲಿ ಹೇಸಿಗೆ ಕೆಲಸ.

ಮನೆ ಕಮಲಾಪುರದಲ್ಲಿ. ಅಲ್ಲೇ ಅವನಪ್ಪ ಕೊನೆಯ ಆರು ವರ್ಷ ಹೆಂಡತಿಯನ್ನು ಕಳ್ಳಿ ಎಂದು ಬೈದು, ಅವಳ ಗುರುತು ಸಿಗದೆಯೇ ಸತ್ತ. ಆ ಮರೆವು ತನಗೂ ಬರುತ್ತದೆಯೇ ಎಂಬುದೊಂದೇ ಲಾಲ್ ಅಹ್ಮದನ ಅಂಜಿಕೆ. ಬರುವುದಾದರೆ ಮೊದಲೇ ಗೊತ್ತಾಗಬೇಕು. ತಲೆ ನೆಟ್ಟಗಿರುವಾಗಲೇ ಹೆಂಡತಿ ನೂರಜಹಾನಳ ಕೈಹಿಡಿದು ಮಾಫಿ ಕೇಳಬೇಕು, ಮುಂದೆ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನಬೇಕು.

ಅಷ್ಟರಲ್ಲಿ ಸಂಶೋಧನೆಯವರು ಊರಿಗೆ ಬಂದರು. ಮರೆವಿನ ರೋಗದ ಗುರುತು ಹತ್ತು ಹದಿನೈದು ವರ್ಷ ಮೊದಲೇ ರಕ್ತದಲ್ಲಿ ಸಿಗುತ್ತದಂತೆ. ಅದನ್ನು ಅಳೆಯಲು ಆರೋಗ್ಯವಂತರು ಬೇಕು ಎಂದರು. ಸಾಲಿನಲ್ಲಿ ಮೊದಲು ನಿಂತವನು ಇವನೇ. ಮೂರು ವರ್ಷ ರಕ್ತ ಕೊಟ್ಟ. ಒಮ್ಮೆ ಕಲಬುರಗಿಯ ಆಸ್ಪತ್ರೆಗೆ ಕರೆಸಿ ಬೆನ್ನುಹುರಿಯ ನೀರನ್ನೂ ಎಳೆದರು. ಎರಡು ದಿನ ತಲೆ ಎತ್ತಲಾಗದೆ ಮಲಗಿದ್ದ.

ಪ್ರತಿವರ್ಷ ಅದೇ ಪ್ರಶ್ನೆ: ನನ್ನ ರಿಪೋರ್ಟ್ ಏನು ಬಂತು? ಶಿಬಿರದ ಮೇಲ್ವಿಚಾರಕ ವಿವೇಕಾನಂದನದೂ ಅದೇ ಉತ್ತರ.

"ಹೇಳಾಕ ಬರಂಗಿಲ್ರೀ ಚಾಚಾ. ಗುರುತು ಇದ್ದವ್ರಿಗೆಲ್ಲಾ ರೋಗ ಬರ್ತದಂತ ಗ್ಯಾರಂಟಿ ಇಲ್ಲ. ಸುಮ್ನೆ ಹೆದರಿಸಬಾರ್ದಂತ ನಿಯಮ ಅದ. ಫಾರಂನ ನಾಲ್ಕನೇ ಪುಟದಾಗ ಬರ್ದೀವಿ, ನೀವೇ ಸಹಿ ಮಾಡೀರಿ."

"ನಾ ಚೀಲ ಚುಚ್ತೀನಪಾ, ಒಡೆಯನ ಮಾರಿ ಮ್ಯಾಗ ಹೇಳ್ತೀನಿ. ನೀ ಮನಷ್ಯಾನ್ನ ಚುಚ್ಚಿ ಬಾಯಿ ಮುಚ್ಕೊಂಡು ಹೋಗ್ತಿ. ಕಾಳಿಗಿಂತ ಕಡಿಮಿ ಏನು ನಾನು?"

ವಿವೇಕಾನಂದ ನಕ್ಕ. ಬಿಸ್ಕತ್ತು ಕೊಟ್ಟ.

ಹೆದರಿಸಬಾರದಂತೆ! ಅವನು ಮೊದಲೇ ಹೆದರಿಯೇ ಬಂದವನು. ಆ ನಿಯಮ ಬರೆದವರು ಯಾರನ್ನು ಕೇಳಿ ಬರೆದರು?

ನಾಲ್ಕನೇ ವರ್ಷ ಲಾಲ್ ಅಹ್ಮದ್ ಕಾಳು ಕಡಿದ, ಉಗಿದ, ಕಟ್ ಅಂದಿತೋ ಇಲ್ಲವೋ ಮರೆತು ಮತ್ತೆ ಕಡಿದ. ಹಮಾಲರು ನಕ್ಕರು: "ಚಾಚಾ, ಊಟ ಮಾಡಿಲ್ಲೇನ್ರೀ ಮುಂಜಾನೆ?" ಒಂದು ದಿನ ಹಸಿ ತೊಗರಿಯನ್ನು ಒಣ ಎಂದುಬಿಟ್ಟ. ವಾರದಲ್ಲಿ ಚೀಲಗಳು ಒಳಗೇ ಬಿಸಿಯಾಗಿ ನಾರಿದವು. ಅವನಿಗೆ ಕೂಲಿ ಕೊಡುತ್ತಿದ್ದ ಅಡತಿ ದಲ್ಲಾಳಿ ಮಲ್ಕಪ್ಪ ಎಲ್ಲರೆದುರೇ ಅಂದ: "ಲಾಲಭಾಯಿ, ನಿನ್ನ ಹಲ್ಲು ಚಲೋ ಅದಾವ, ತಲಿ ಹೋಗ್ಯದ. ನಾಳಿಂದ ಬರಬ್ಯಾಡ." ಕಟು ಮಾತು. ಆದರೂ ಮುಖ ನೋಡಿ ಆಡಿದ್ದು.

ಆ ವರ್ಷದ ಶಿಬಿರದಲ್ಲಿ ನೆನಪಿನ ಪರೀಕ್ಷೆ ಮಾಡಿದರು. ತಿಂಗಳ ನಂತರ ಪತ್ರ ಬಂತು: 'ಈ ಅಧ್ಯಯನಕ್ಕೆ ರೋಗಲಕ್ಷಣ ಇಲ್ಲದವರು ಮಾತ್ರ ಅರ್ಹರು. ತಮ್ಮಲ್ಲಿ ಲಕ್ಷಣ ಕಂಡಿರುವುದರಿಂದ ತಮ್ಮನ್ನು ಕೈಬಿಡಲಾಗಿದೆ. ಸಹಕಾರಕ್ಕೆ ಧನ್ಯವಾದಗಳು.'

ರೋಗ ಹುಡುಕಲು ಬಂದವರು ರೋಗ ಸಿಕ್ಕ ದಿನವೇ ಅವನನ್ನು ಬಿಟ್ಟರು. ಕೇಳಿದ್ದಕ್ಕೆ ಸಿಕ್ಕ ಉತ್ತರ ಅಷ್ಟೇ.

ನೂರಜಹಾನ್ ಪತ್ರ ಓದಿಸಿ ಕೇಳಿ, ಅವನಿಗೆ ಹೇಳಿದಳು. ಅವನು ಕೈಹಿಡಿದು ಅತ್ತು ಮಾಫಿ ಕೇಳಿದ. ಅವಳು ಕೊಟ್ಟಳು. ಮರುದಿನ ಮುಂಜಾನೆ ಮತ್ತೆ, ರಿಪೋರ್ಟ್ ಬಂತಾ? ಮತ್ತೆ ಹೇಳಿದಳು, ಮೊದಲ ಸಲ ಕೇಳಿದವನಂತೆ ಅತ್ತ. ಹನ್ನೊಂದು ದಿನ ಅವನು ಮಾಫಿ ಕೇಳಿದ, ಹನ್ನೊಂದು ದಿನವೂ ಅವಳು ಕೊಟ್ಟಳು. ಹನ್ನೆರಡನೆಯ ದಿನ ಪತ್ರವನ್ನು ಒಲೆಗೆ ಹಾಕಿ, ಬಂದಿಲ್ಲ ಅಂದಳು.

ಅಂದಿನಿಂದ ಹೆದರಿಸಬಾರದೆಂಬ ಆ ನಿಯಮವನ್ನು ಅವಳೇ ಪಾಲಿಸುತ್ತಿದ್ದಾಳೆ.

ಮೊನ್ನೆ ಅವಳು ಚಹಾ ಕೊಡಲು ಹೋದಾಗ ಅವನು ದಿಟ್ಟಿಸಿ ನೋಡಿದ. ಮದುವೆಯಾದಾಗಿನಿಂದ ಅವಳೊಡನೆ ಮನೆಮಾತು ದಖನಿ ಉರ್ದುವಿನಲ್ಲೇ ಮಾತಾಡಿದವನು, ಹೊರಗಿನವರೊಡನೆ ಆಡುವ ಗಂಜ್‌ನ ಕನ್ನಡದಲ್ಲಿ, ದನಿ ತಗ್ಗಿಸಿ ಅಂದ:

"ಅಕ್ಕೋರೇ, ನನ್ನ ರಿಪೋರ್ಟ್ ಬಂದ್ರ ನನ್ನ ಕೈಯಾಗೇ ಕೊಡ್ರಿ. ಮನಿಯಾಕಿಗೆ ನಾನೇ ಹೇಳ್ಬೇಕಾಗ್ಯದ."