ಯೂಟಾದ ಕಾಲುವೆ, ಚೆಂಬೂರಿನ ನಳ

ವಿಲೆ ಪಾರ್ಲೆಯ ಕಾಲೇಜಿನಲ್ಲಿ ನಾನು ಅಮೆರಿಕದ ಇತಿಹಾಸ ಪಾಠ ಮಾಡುತ್ತಿದ್ದಾಗ ಯೂಟಾ ರಾಜ್ಯದ ಸರದಿ ಬಂದರೆ ಸಾಕು, ಅಲ್ಲಿ ನೆಲೆಯೂರಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಬಗ್ಗೆ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ: ಮಾರ್ಮನ್ನರಿಗೆ ಎಷ್ಟು ಜನ ಹೆಂಡತಿಯರು? ಉತ್ತರ ಹೇಳಿ, ನಗು ಮುಗಿಯುವವರೆಗೆ ಕಾದು, ನಾನು ನೀರಿನ ವಿಷಯಕ್ಕೆ ಬರುತ್ತಿದ್ದೆ. ನನಗೆ ಆ ರಾಜ್ಯದ ಇತಿಹಾಸವೆಂದರೆ ನೀರಿನ ಇತಿಹಾಸ. ನಿವೃತ್ತಳಾದ ಮೇಲೂ ಅದು ನನ್ನ ಬೆನ್ನು ಬಿಡಲಿಲ್ಲ.

ಚೆಂಬೂರಿನ ನಮ್ಮ ಸೊಸೈಟಿಯಲ್ಲಿ ಬಹುಪಾಲು ಹಳೇ ಮೈಸೂರು, ಬೆಂಗಳೂರು ಕಡೆಯವರು. ಕಳೆದ ವರ್ಷ ಸುವರ್ಣ ಮಹೋತ್ಸವ. ಮೊದಲ ಸದಸ್ಯರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡುವುದು ನಮ್ಮಲ್ಲಿ ವಾಡಿಕೆ. ಪೇಟ ತೊಟ್ಟವರು ಮೈಕಿನಲ್ಲಿ "ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ, ಬರೀ ಕೆಸರು, ಕಪ್ಪೆ" ಎನ್ನಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

ಅದೇ ತಿಂಗಳು ಕಮಿಟಿಯವರು ಹಿಂದಿನ ಗೋಡೆಯಾಚೆಯ ನಳ ಬಂದ್ ಮಾಡಲು ತೀರ್ಮಾನಿಸಿದ್ದರು. ಅಲ್ಲಿ ತಗಡಿನ ಮನೆಗಳ ಒಂದು ಸಾಲಿದೆ. ವಿಜಾಪುರದ ಕಡೆಯಿಂದ ಬಂದು ನಮ್ಮ ಬಿಲ್ಡಿಂಗ್ ಕಟ್ಟಿದ ಕೂಲಿಗಳು ಅಲ್ಲೇ ಉಳಿದುಕೊಂಡರು. ಸಿಮೆಂಟ್ ಕಲಸಲು ಹಾಕಿಸಿದ ನಳವೇ ಅವರ ನಳವಾಯಿತು. ಆಗ ಇಟ್ಟಿಗೆ ಹೊತ್ತವಳ ಸೊಸೆ ಈಗ ಅಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಭಾನುವಾರ ಬಂದರೆ ನಮ್ಮ ಅರ್ಧ ಬಿಲ್ಡಿಂಗ್ ಅವಳ ರೊಟ್ಟಿಗೆ ಕಾಯುತ್ತದೆ.

ನನ್ನದು ಗ್ರೌಂಡ್ ಫ್ಲೋರ್. ಅಡುಗೆಮನೆ ಕಿಟಕಿಯಲ್ಲಿ ರೊಟ್ಟಿ ಕೊಡುತ್ತ ಅವಳು ಕೇಳಿದಳು, "ಅಕ್ಕಾರ, ನಳಾ ಬಂದ್ ಮಾಡ್ತಾರಂತಲ್ರಿ, ಖರೇನೇನ್ರಿ?"

"ಹೌದಂತೆ ಕಣಮ್ಮ. ನಮಗೇ ನೀರು ಸಾಲಲ್ವಂತೆ."

"ನಮ್ಮತ್ತಿ ಈ ಬಿಲ್ಡಿಂಗ್ ಕಟ್ಟೂಮುಂದಿನ ನಳಾರಿ ಅದು. ಟ್ಯಾಂಕರ್ ನೀರು ತಗೊಂಡು ರೊಟ್ಟಿ ಮಾಡಿದ್ರ ಏನ್ ಉಳೀತದ್ರಿ ನನಗ? ಗಂಟು ಕಟ್ಕೊಂಡು ಊರಿಗೆ ಹೋಗೂದಷ್ಟ."

ಕಮಿಟಿಯಲ್ಲಿ ವಿಷಯ ಎತ್ತಿದೆ. "ಪಾಸ್ ಆಗಿಹೋಗಿದೆ" ಎಂದು ಬಾಯಿ ಮುಚ್ಚಿಸಿದರು. ಹೊರಡುವಾಗ ಸೆಕ್ರೆಟರಿಯೇ ತಡೆದು ನಿಲ್ಲಿಸಿದರು. "ಮೇಡಂ, ಮಹೋತ್ಸವಕ್ಕೆ ನಿಮ್ಮ ಆ ಯೂಟಾ ಬಗ್ಗೆ ಹೇಳಿ. ಬರಡು ನೆಲಕ್ಕೆ ಬಂದು ಊರು ಕಟ್ಟಿದ್ರು ಅಂತೀರಲ್ಲ, ನಮ್ಮ ಸೀನಿಯರ್ಸ್‌ಗೆ ಖುಷಿಯಾಗುತ್ತೆ. ಹತ್ತು ಮಿನಿಟ್, ಬಸ್, ಸಾಕು." ಮೈಕನ್ನು ತಾವಾಗಿಯೇ ಕೈಗೆ ಕೊಟ್ಟರೆ ನಾನು ಬಿಡುವವಳೇ?

ಆ ದಿನ ಹೇಳಿದೆ. ಮಾರ್ಮನ್ನರು ತಮ್ಮ ಮತದ ಕಾರಣಕ್ಕೆ ಊರೂರಿನಿಂದ ಓಡಿಸಿಕೊಂಡವರು. ಅವರ ಪ್ರವಾದಿಯನ್ನು ಜೈಲಿಗೇ ನುಗ್ಗಿ ಕೊಂದಿದ್ದರು. ಎತ್ತಿನ ಬಂಡಿಗಳಲ್ಲಿ, ಆಮೇಲೆ ಬಂದ ಬಡವರು ಕೈಗಾಡಿ ಎಳೆಯುತ್ತ, ಉಪ್ಪು ಸರೋವರದ ಕಣಿವೆ ಸೇರಿದರು. ಸೇರಿದ ಕೂಡಲೇ ಹಳ್ಳ ತಿರುಗಿಸಿ, ನೆಲ ನೆನೆಸಿ, ಉತ್ತರು. ಕಾಲುವೆಗಳನ್ನು ಎಲ್ಲರೂ ಸೇರಿ ತೋಡಿದರು, ನೀರನ್ನು ಪಾಳಿಯಂತೆ ಹಂಚಿಕೊಂಡರು. ಇಲ್ಲಿಯವರೆಗೆ ಒಳ್ಳೆಯ ಚಪ್ಪಾಳೆ.

"ಅವರೂ ಹೇಳಿದರು, ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ ಅಂತ. ಆದರೆ ಯೂಟ್, ಶೋಶೋನಿ, ಪಾಯೂಟ್ ಎಂಬ ಮೂಲನಿವಾಸಿ ಜನ ಇದ್ದರು. ರಾಜ್ಯದ ಹೆಸರೇ ಅವರದ್ದು. ಅವರು ಬೀಜ ಆರಿಸಿ ತಿನ್ನುತ್ತಿದ್ದ ಹುಲ್ಲನ್ನು ಇವರ ದನ ಮೇದವು, ಅವರ ಮೀನು ಇವರ ಬಲೆಗೆ ಬಿತ್ತು. ಒದೆ ತಿಂದು ಬಂದವರೇ ಒದೆದರು. ನಾವು ಹೊರಗಿನವರೆಂದು ಈ ಊರಲ್ಲಿ ನಮ್ಮ ಕಡೆಯ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ಊಟಕ್ಕೆ ಹೋಗಿ ಶಟರ್ ಒಳಗೆ ಸಿಕ್ಕಿಹಾಕಿಕೊಂಡವರು ಇದೇ ಮೊದಲ ಸಾಲಿನಲ್ಲಿದ್ದೀರಿ. ಹಿಂದಿನ ನಳ ಬಂದ್ ಮಾಡಲು ಕೈ ಎತ್ತಿದವರೂ ನೀವೇ."

ಸೆಕ್ರೆಟರಿ ಮೈಕು ತೆಗೆದುಕೊಂಡು ಹಣ್ಣಿನ ಬುಟ್ಟಿಯ ಘೋಷಣೆ ಮಾಡಿದರು. ಊಟದ ಸಾಲಿನಲ್ಲಿ ಎದುರು ಮನೆಯಾಕೆ, "ಶುಭದಿನ ಇದೆಲ್ಲ ಬೇಕಿತ್ತಾ?" ಎಂದರು. ಬೇಕಿತ್ತು ಎಂದೆ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಆದರೆ ಸೋಮವಾರ ಪ್ಲಂಬರ್ ಬಂದು ನಳಕ್ಕೆ ಮುಚ್ಚಳ ಜಡಿದುಹೋದ. ಅಷ್ಟೆಲ್ಲ ಮಾತಾಡಿ ಒಂದು ಕೊಡ ನೀರೂ ಹುಟ್ಟಲಿಲ್ಲ. ಸಂಜೆಯೇ ಸ್ಟೇಷನ್ ಹತ್ತಿರದ ಅಂಗಡಿಯಿಂದ ಹಸಿರು ಪೈಪ್ ತಂದೆ. ನಮ್ಮಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುತ್ತಾರೆ. ಮರುದಿನ ನೀರು ಬಂದ ಕೂಡಲೇ ಪೈಪಿನ ಒಂದು ತುದಿಯನ್ನು ನನ್ನ ನಲ್ಲಿಗೆ ಸಿಕ್ಕಿಸಿ, ಇನ್ನೊಂದನ್ನು ಕಿಟಕಿಯಿಂದ ಗೋಡೆಯಾಚೆ ಎಸೆದೆ.

ಸೆಕ್ರೆಟರಿ ಹಲ್ಲುಜ್ಜುತ್ತಲೇ ಬಂದರು. "ಮೇಡಂ, ಇದು ಸೊಸೈಟಿ ನೀರು. ಅಲೌ ಇಲ್ಲ."

"ಇದೇ ಹೊತ್ತಿಗೆ ನೀವು ಕಾರು ತೊಳೀತೀರಿ. ನಾನು ಕೇಳಿದ್ದೀನಾ? ಇದು ನನ್ನ ಪಾಳಿ."

"ನೋಟೀಸ್ ಕೊಡ್ತೀವಿ."

"ಕೊಡಿ. ಇದೇ ಕಿಟಕಿಗೆ ಅಂಟಿಸ್ತೀನಿ."

ಕೊಟ್ಟರು, ಅಂಟಿಸಿದೆ. ಈಗ ನನ್ನ ಸ್ನಾನ ಅರ್ಧ ಬಕೆಟಿನಲ್ಲಿ ಮುಗಿಯುತ್ತದೆ, ಬಟ್ಟೆ ಎರಡು ದಿನಕ್ಕೊಮ್ಮೆ. ಲಿಫ್ಟಿನ ಹತ್ತಿರ ಕೆಲವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ, ನಾನು ಗ್ರೌಂಡ್ ಫ್ಲೋರಿನವಳು, ನನಗೆ ಲಿಫ್ಟ್ ಬೇಡ.

ನೋಟೀಸ್ ಅಂಟಿಸಿದ ವಾರವೇ, ಭಾನುವಾರ, ರೊಟ್ಟಿಯವಳು ಕಿಟಕಿಗೆ ಬಂದು ದನಿ ತಗ್ಗಿಸಿದಳು. "ಸೆಕ್ರೆಟರಿ ಸಾಹೇಬರ ಮನಿಯಿಂದ ಹತ್ತು ರೊಟ್ಟಿ ಹೇಳ್ಯಾರ್ರಿ ಅಕ್ಕಾರ. ಏನ್ ಮಾಡ್ಲಿ?"

"ಕೊಡು. ಈ ಪೈಪಿನ ನೀರಲ್ಲೇ ನಾದಿದ್ದು ಅಂತ ಹೇಳಿ ಕೊಡು."

ಅವರ ಬಾಗಿಲಲ್ಲಿ ನಿಂತು ಹೇಳಿಯೇ ಕೊಟ್ಟಳು. ಒಂದು ರೊಟ್ಟಿಯೂ ವಾಪಸ್ ಬರಲಿಲ್ಲ.