ತೊಗರಿಬೇಳೆಯಷ್ಟು ಕೆಪಾಸಿಟರ್

ನನ್ನ ಗಂಡನ ಅಣ್ಣನನ್ನು ನಾನು ಮನಸಾರೆ ದ್ವೇಷಿಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ಕೆಲಸಕ್ಕೆ ಬೇರೆ ಕಾರಣ ಹುಡುಕುವ ಶ್ರಮ ನಿಮಗೆ ಬೇಡ.

೨೦೧೫ರಲ್ಲಿ ಮದುವೆಯಾಗಿ ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ಬಂದೆ. ಮೂರು ತಲೆಮಾರಿನಿಂದ ಅಲ್ಲೇ ನೆಲೆ ನಿಂತ ಕನ್ನಡದ ಮನೆ. ಅಡುಗೆಮನೆಯಲ್ಲಿ ಕನ್ನಡ, ಹಜಾರಕ್ಕೆ ಬಂದರೆ ತೆಲುಗು. ಬೆಂಜ್ ಸರ್ಕಲ್ ಹತ್ತಿರದ ಆ ಮನೆಯ ಮಹಡಿಯಲ್ಲಿ ಭಾವನವರ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಸ್ಟುಡಿಯೋ ಅನ್ನುವುದು ಹೆಸರಿಗೆ ಮಾತ್ರ, ಗೋಡೆಗೆ ಸ್ಪಂಜು ಅಂಟಿಸಿದ ಒಂದು ಕೋಣೆ ಅದು. ಆಟೋಗಳಲ್ಲಿ ಊರೆಲ್ಲ ಕೂಗಿಸುವ ಸೀರೆ ಅಂಗಡಿಗಳ ಜಾಹೀರಾತು ಅಲ್ಲಿ ತಯಾರಾಗುತ್ತಿತ್ತು. ಓದುತ್ತಿದ್ದ ಹೆಂಗಸು ಬಿಟ್ಟು ಹೋಗಿದ್ದರಿಂದ ನನ್ನನ್ನು ಕೂರಿಸಿದರು. ನನ್ನ ತಾಯಿ ತೆಲುಗಿನವರಾದ್ದರಿಂದ ಭಾಷೆ ಬಾಯಲ್ಲೇ ಇತ್ತು. ಆ ಮನೆಯಲ್ಲಿ ನನ್ನದು ಎನ್ನಬಹುದಾದದ್ದು ದಿನದ ಆ ಒಂದು ಗಂಟೆ ಮಾತ್ರ.

ನಾನು ಬಂದ ತಿಂಗಳೇ ಭಾವ ಹೊಸ ಕಂಡೆನ್ಸರ್ ಮೈಕ್ ತರಿಸಿದ್ದರು. ಅದರ ಮುಂದೆ ಕೂತು ‘ಸರಸಮೈನ ಧರಲಕೇ ಮಂಗಳಗಿರಿ ಚೀರಲು’ ಎಂದು ಓದಿದೆ. ಅಗ್ಗದ ದರಕ್ಕೆ ಸೀರೆ ಎಂಬ ಸಾಧಾರಣ ಮಾತು. ಭಾವ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು. ಅಂಗಡಿಯವರು ಎದುರಿಗೇ ಕೂತಿದ್ದರು.

“ನಿನ್ನ ಸ ಇದೆಯಲ್ಲಮ್ಮಾ, ಕಿವಿಗೆ ಸೂಜಿ ಚುಚ್ಚಿದಂಗಿದೆ. ಕನ್ನಡ ನಾಲಿಗೆ ಅದು. ಸ್ವಲ್ಪ ತಿರುಗಿಸು.”

ಅವರ ನಾಲಿಗೆ ಯಾವ ಊರಿನದು ಎಂದು ಕೇಳುವ ಧೈರ್ಯ ಆಗಿನ್ನೂ ಬಂದಿರಲಿಲ್ಲ. ಒಂದು ವರ್ಷ ಕನ್ನಡಿಯ ಮುಂದೆ ನಿಂತು ನಾಲಿಗೆ ತಿರುಗಿಸಿದೆ. ಅವರು ಆ ವರ್ಷವಿಡೀ ಬಂದವರೆದುರಿಗೆಲ್ಲ ಅದೇ ಮಾತು ಹೇಳಿದರು.

ಕಡೆಗೊಂದು ದಿನ ಅದೇ ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಸೂಜಿಯೂ ಇಲ್ಲ, ದಬ್ಬಣವೂ ಇಲ್ಲ. ನನ್ನ ತಂದೆ ರೇಡಿಯೋ ರಿಪೇರಿಯವರು. ಚಪಾತಿ ಲಟ್ಟಿಸುವ ಮೊದಲೇ ಬೆಸುಗೆ ಹಾಕುವುದನ್ನು ಕಲಿತವಳು ನಾನು. “ಮೈಕ್ ಒಮ್ಮೆ ಬಿಚ್ಚಿ ನೋಡೋಣೇನ್ರಿ, ಭಾವಗಾರು?” ಎಂದೆ. “ಹೊಸ ಮೈಕಿಗೆ ಏನಮ್ಮಾ ರೋಗ?” ಎಂದು ಅಂಗಡಿಯವರ ಕಡೆ ತಿರುಗಿ ನಕ್ಕರು. ಆ ನಗುವನ್ನು ನಾನು ಇನ್ನೂ ಮರೆತಿಲ್ಲ.

ಅದು ದುಬಾರಿ ಮೈಕೊಂದರ ಅಗ್ಗದ ನಕಲು ಎಂದು ಓದಿ ತಿಳಿದುಕೊಂಡೆ. ದನಿ ಹಿಡಿಯುವ ತೆಳು ಪೊರೆ ಸ-ಕಾರದಂಥ ಚೂಪು ಸದ್ದನ್ನು ಹೆಚ್ಚಿಸಿ ಹಿಡಿಯುತ್ತದೆ. ಮೂಲದಲ್ಲಿ ಅದನ್ನು ತಗ್ಗಿಸಲು ಒಂದು ಪುಟ್ಟ ಕೆಪಾಸಿಟರ್ ಇದೆ. ನಕಲು ಮಾಡಿದವರು ಪೊರೆಯನ್ನು ಮಾತ್ರ ನಕಲು ಮಾಡಿ ಕೆಪಾಸಿಟರನ್ನು ಬಿಟ್ಟಿದ್ದರು. ಭಾವ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ ಮೈಕ್ ಬಿಚ್ಚಿದೆ. ಪೊರೆಯ ಹತ್ತಿರದ ಭಾಗಕ್ಕೆ ಬೆರಳ ಬೆವರು ತಾಗಿದರೂ ಮೈಕ್ ಚಿಟಚಿಟ ಎನ್ನುತ್ತದೆ. ವಿಜಯವಾಡದ ಮೇ ತಿಂಗಳಲ್ಲಿ ಬೆವರಿಗೆ ಬರವೇ! ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಚಿಮಟದಲ್ಲಿ ಹಿಡಿದು, ತೊಗರಿಬೇಳೆಯಷ್ಟು ದೊಡ್ಡ ಕೆಪಾಸಿಟರನ್ನು ಬೆಸೆದು, ಬೆಸುಗೆಯ ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿದೆ.

ಮರುದಿನ ಓದಿದಾಗ ಭಾವ ತಲೆದೂಗಿದರು. “ಹೇಳಿ ಹೇಳಿ ದಾರಿಗೆ ಬಂತು ನೋಡು.” ನಿಜ ಹೇಳಿದರೆ ಆ ಒಂದು ಗಂಟೆಯೂ ಕೈತಪ್ಪುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

ನಾನು ಓದುವಾಗ ಬಾಗಿಲ ಬಳಿ ಕೂತು ಕೇಳುತ್ತಿದ್ದವಳು ಭಾವನ ಮಗಳು. ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೂ ರೇಡಿಯೋದಲ್ಲಿ ಓದುವ ಆಸೆ. ಆ ಮನೆಯಲ್ಲಿ ನನ್ನೊಡನೆ ಬೇಕೆಂದೇ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ಎಲ್ಲರೂ ತೆಲುಗಿನಲ್ಲಿ ಪಿನ್ನಿ ಎನ್ನಲು ಹೇಳಿಕೊಟ್ಟರೂ ಅವಳು ನನ್ನನ್ನು ಚಿಕ್ಕಮ್ಮ ಎನ್ನುತ್ತಿದ್ದಳು.

೨೦೧೮ರಲ್ಲಿ ನನ್ನ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ನೆಂಟರೆಲ್ಲ ಊಟಕ್ಕೆ ಬಂದಿದ್ದರು. “ಇವಳ ನಾಲಿಗೆ ತಿದ್ದಿದ್ದು ನಾನೇ. ಒಂದು ವರ್ಷ ಹಿಡೀತು,” ಎಂದರು ಭಾವ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲೆ ಎತ್ತಿದ ಮೇಲೆ ಮಹಡಿಗೆ ಹೋಗಿ ಮೈಕ್ ಬಿಚ್ಚಿ, ಕೆಪಾಸಿಟರ್ ಕಿತ್ತು, ಸೇಫ್ಟಿ ಪಿನ್ನಿನ ಡಬ್ಬಿಗೆ ಹಾಕಿಕೊಂಡೆ. ಮುಂದೆ ಯಾರು ಓದುತ್ತಾರೆ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿ ಆ ಡಬ್ಬಿ ಕಂಡಾಗಲೆಲ್ಲ ಖುಷಿಯಾಗುತ್ತಿತ್ತು.

ನಾಲ್ಕು ತಿಂಗಳ ನಂತರ ಹುಡುಗಿ ಫೋನ್ ಮಾಡಿದಳು. “ಪಿನ್ನೀ, ಮೀ ಸ ಎಲಾ ಬಾಗಯಿಂದಿ?” ನಿಮ್ಮ ಸ ಹೇಗೆ ಸರಿಹೋಯಿತು ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. ನಾನು ಹೊರಟ ಮೇಲೆ ಅವಳೇ ಓದುತ್ತಿದ್ದಳಂತೆ. ನನ್ನ ಜೊತೆ ಕನ್ನಡ ಆಡಿ ಆಡಿ ನಾಲಿಗೆ ಕೆಟ್ಟಿದೆ ಎಂದು ಅಪ್ಪ ಬೈದರಂತೆ, ಮನೆಯಲ್ಲಿ ಕನ್ನಡವನ್ನೇ ಬಂದ್ ಮಾಡಿಸಿದರಂತೆ. ರೇಡಿಯೋ ಆಸೆ ಬಿಟ್ಟುಬಿಡು ಎಂದರಂತೆ. ಇಷ್ಟನ್ನೂ ತೆಲುಗಿನಲ್ಲೇ ಹೇಳಿ ಅತ್ತಳು. ನನಗೆ ನಾಚಿಕೆಯಾಯಿತು. ಭಾವನ ಮೇಲಿನ ಸಿಟ್ಟು ಮಾತ್ರ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಭಾನುವಾರ ಬೆಳಗಿನ ರೈಲು ಹಿಡಿದೆ. ಭಾವನ ಕಣ್ಣೆದುರಿಗೇ ಮೈಕ್ ಬಿಚ್ಚಿ ಕೂತೆ.

“ನಿಮ್ಮ ಮಗಳ ನಾಲಿಗಿ ನೆಟ್ಟಗ ಐತ್ರಿ. ನಂದೂ ನೆಟ್ಟಗ ಇತ್ತು. ಮೈಕಿಂದು ತಪ್ಪು. ಅದಕ್ಕ ಈ ಕೆಪಾಸಿಟರ್ ನಾ ಹಾಕಿದ್ದೆ, ನಾನಽ ಕಿತ್ತೊಯ್ದಿದ್ದೆ.”

ಡಬ್ಬಿಯಿಂದ ಕೆಪಾಸಿಟರ್ ತೆಗೆದು ಮತ್ತೆ ಬೆಸೆದೆ. ಭಾವ ಹೆಡ್‌ಫೋನ್ ಹಾಕಿಕೊಂಡರು. ಹುಡುಗಿ ‘ಸರಸಮೈನ ಧರಲಕೇ’ ಎಂದು ಓದಿದಳು, ನೀರು ಹರಿದಂತೆ ಬಂತು. ಅವರು ಹೆಡ್‌ಫೋನ್ ತೆಗೆದಿಟ್ಟು ಕೆಳಗೆ ಇಳಿದುಹೋದರು. ಗೆದ್ದೆ ಎಂದುಕೊಂಡು ಹುಡುಗಿಯ ಕಡೆ ನೋಡಿದೆ. ಅವಳು ನನ್ನ ಕೈಯಲ್ಲಿದ್ದ ಪಿನ್ನಿನ ಡಬ್ಬಿಯನ್ನೇ ನೋಡುತ್ತಿದ್ದಳು.

ಹುಡುಗಿ ಗೇಟಿನವರೆಗೆ ಬಂದಳು. ಆಟೋ ಹತ್ತಿದೆ.

“ಜಾಗ್ರತ್ತಗಾ ವೆಳ್ಳಂಡಿ, ಪಿನ್ನಿಗಾರು,” ಎಂದಳು. ಹೊರಗಿನ ಹೆಂಗಸೊಬ್ಬಳನ್ನು ಹುಷಾರಾಗಿ ಹೋಗಿ ಎಂದು ಕಳಿಸಿಕೊಡುವ ಮರ್ಯಾದೆ ಅದು. ಕನ್ನಡ ಮಾತಾಡದಂತೆ ಆ ದಿನ ಅವಳನ್ನು ಯಾರೂ ತಡೆದಿರಲಿಲ್ಲ.